ಕಿರ್ದಿ ಉಳಿದರೆ ಖಾತೆ ಉಳಿದೀತು: ಕೆಟ್ಟುನಿಂತ ಇಮೇಲ್ ಸರ್ವರಿನ ಡೇಟಾಬೇಸನ್ನು ಬ್ಯಾಕಪ್‌ನಿಂದ ಮರಳಿ ತರುವ ಬಗೆ

ಇಮೇಲ್ ಸರ್ವರ್ ಕೆಟ್ಟುನಿಂತ ದಿನ ಅದನ್ನು ನೋಡಿಕೊಳ್ಳುವವರಿಗೆ ಎದುರಾಗುವ ಮೊದಲ ಪ್ರಶ್ನೆ "ಬ್ಯಾಕಪ್ ಇದೆ ತಾನೆ?" ಎಂಬುದು. ಇದೆ ಎಂದೊಡನೆ ಕೇಳಿದವರು ನಿರಾಳವಾಗಿ ಹೊರಟುಬಿಡುತ್ತಾರೆ. ಕೆಲಸ ಮಾಡಬೇಕಾದವರ ಪಾಡು ಶುರುವಾಗುವುದೇ ಅಲ್ಲಿಂದ. ಬ್ಯಾಕಪ್ ಆದದ್ದು ನಿನ್ನೆ ರಾತ್ರಿ 11 ಗಂಟೆಗೆ, ಡಿಸ್ಕ್ ಕೈಕೊಟ್ಟದ್ದು ಇಂದು ಮಧ್ಯಾಹ್ನ 3 ಗಂಟೆಗೆ ಎಂದಿಟ್ಟುಕೊಳ್ಳೋಣ. ನಡುವಿನ 16 ಗಂಟೆಗಳಲ್ಲಿ ಬಂದ, ಹೋದ, ಅಳಿಸಿದ ಪತ್ರಗಳಾವುವೂ ಆ ಬ್ಯಾಕಪ್‌ನಲ್ಲಿ ಇರುವುದಿಲ್ಲ. ಆ 16 ಗಂಟೆ ಮರಳಿ ಸಿಗುತ್ತದೆಯೇ ಇಲ್ಲವೇ ಎಂಬುದನ್ನು ತೀರ್ಮಾನಿಸುವುದು ಬ್ಯಾಕಪ್ ಅಲ್ಲ, ಡೇಟಾಬೇಸಿನ ಪಕ್ಕದಲ್ಲೇ ಇದ್ದೂ ಯಾರ ಗಮನಕ್ಕೂ ಬಾರದ ಲಾಗ್ ಫೈಲುಗಳು. ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ಲೆಕ್ಕಾಚಾರವನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹಳೆಯ ಲೆಕ್ಕ ಬರೆಯುವ ಪದ್ಧತಿಯಲ್ಲಿ ಕಿರ್ದಿ, ಖಾತೆ ಎಂಬ ಎರಡು ಪುಸ್ತಕಗಳಿರುತ್ತವೆ. ವ್ಯವಹಾರ ನಡೆದ ಕೂಡಲೇ ಅದು ನಡೆದ ಕ್ರಮದಲ್ಲೇ ಕಿರ್ದಿಗೆ ಏರುತ್ತದೆ. ಆಮೇಲೆ ಬಿಡುವಾದಾಗ ಅಲ್ಲಿಂದ ಆಯಾ ಖಾತೆಯ ಪುಟಕ್ಕೆ ಹೋಗುತ್ತದೆ. ಎಕ್ಸ್‌ಚೇಂಜ್ ಕೆಲಸ ಮಾಡುವುದೂ ಹೀಗೆಯೇ. ಮೇಲ್‌ಬಾಕ್ಸುಗಳೆಲ್ಲ ಇರುವುದು ಇಡಿಬಿ ಎಂಬ ಬಾಲವುಳ್ಳ ಒಂದು ದೊಡ್ಡ ಫೈಲಿನಲ್ಲಿ, ಅದು ಖಾತೆ. ಹೊಸ ಪತ್ರ ಬಂದಾಗ, ಯಾರೋ ಒಂದು ಫೋಲ್ಡರ್ ಸರಿಸಿದಾಗ, ಮತ್ತಾರೋ ಕ್ಯಾಲೆಂಡರ್ ತಿದ್ದಿದಾಗ, ಆ ಬದಲಾವಣೆ ಮೊದಲು ಲಾಗ್ ಫೈಲಿಗೆ ಬರೆಯಲ್ಪಡುತ್ತದೆ, ಅದು ಕಿರ್ದಿ. ಇಡಿಬಿ ಫೈಲಿನ ಪುಟಗಳು ಮೆಮೊರಿಯಲ್ಲಿ ಬದಲಾಗಿದ್ದರೂ ಡಿಸ್ಕಿನ ಮೇಲೆ ಬದಲಾಗುವುದು ತುಸು ತಡವಾಗಿ. ಎಲ್ಲಿಯವರೆಗಿನ ಕಿರ್ದಿ ಖಾತೆಗೆ ಏರಿದೆ ಎಂಬ ಗುರುತನ್ನು ಚೆಕ್‌ಪಾಯಿಂಟ್ ಎಂಬ ಪುಟ್ಟ ಫೈಲು ಇಟ್ಟುಕೊಂಡಿರುತ್ತದೆ. ಲಾಗ್ ಫೈಲುಗಳ ಗಾತ್ರ 2007ರ ಆವೃತ್ತಿಯಿಂದೀಚೆಗೆ ತಲಾ 1 ಎಂಬಿ. ಅದಕ್ಕೂ ಮುಂಚೆ 5 ಎಂಬಿ ಇತ್ತು. ಒಂದು ತುಂಬಿದರೆ ಮುಂದಿನ ಸಂಖ್ಯೆಯ ಇನ್ನೊಂದು ಹುಟ್ಟುತ್ತದೆ. ಬಿಡುವಿಲ್ಲದ ಸರ್ವರಿನಲ್ಲಿ ದಿನಕ್ಕೆ ಸಾವಿರಗಟ್ಟಲೆ ಹುಟ್ಟುವುದು ಸಾಮಾನ್ಯ.

ಇವೆಲ್ಲ ರಾಶಿ ಬಿದ್ದು ಡಿಸ್ಕ್ ತುಂಬುವುದಿಲ್ಲವೇ ಎಂದರೆ, ಪೂರ್ಣ ಬ್ಯಾಕಪ್ ಯಶಸ್ವಿಯಾಗಿ ಮುಗಿದಾಗ ಇನ್ನು ಬೇಡವಾದ ಲಾಗುಗಳನ್ನು ಎಕ್ಸ್‌ಚೇಂಜ್ ತಾನೇ ಅಳಿಸುತ್ತದೆ. ಆದ್ದರಿಂದ ಲಾಗ್ ಇರುವ ಡ್ರೈವು ದಿನೇದಿನೇ ತುಂಬುತ್ತಿದೆ ಎಂದರೆ ಬ್ಯಾಕಪ್ ಸರಿಯಾಗಿ ಮುಗಿಯುತ್ತಿಲ್ಲ ಎಂದೇ ಬಹುಮಟ್ಟಿಗೆ ಅರ್ಥ. ಅದನ್ನು ಹಾಗೆ ಓದದೆ, ಜಾಗ ಮಾಡಿಕೊಳ್ಳಲು ಕೈಯಾರೆ ಲಾಗ್ ಅಳಿಸುವವರೇ ಹೆಚ್ಚು.

ಅಂಥದ್ದೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಡ್ರೈವ್ ತುಂಬಿ ಡೇಟಾಬೇಸ್ ತಾನಾಗಿ ಡಿಸ್‌ಮೌಂಟ್ ಆಗಿತ್ತು, ಅಂದರೆ ಬಳಕೆಯಿಂದ ಹೊರಗೆ ಮುಚ್ಚಿಕೊಂಡಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬರು ಲಾಗುಗಳನ್ನು ದಿನಾಂಕದ ಪ್ರಕಾರ ಜೋಡಿಸಿ, ಹಳೆಯವನ್ನೆಲ್ಲ ಅಳಿಸಿ, ಮತ್ತೆ ಮೌಂಟ್ ಮಾಡಲು, ಅಂದರೆ ಬಳಕೆಗೆ ತೆರೆಯಲು ನೋಡಿದರು; ಆಗಲಿಲ್ಲ. ಇಎಸ್‌ಇಯುಟಿಲ್ ಎಂಬ ಉಪಕರಣಕ್ಕೆ ಎಂಎಚ್ ಆಯ್ಕೆ ಕೊಟ್ಟು ಡೇಟಾಬೇಸಿನ ಹೆಡರ್, ಅಂದರೆ ಫೈಲಿನ ಆರಂಭದಲ್ಲಿರುವ ವಿವರ, ಓದಿಸಿದಾಗ ಎರಡು ಸಾಲುಗಳು ಕಂಡವು. ಸ್ಥಿತಿ: ಡರ್ಟಿ ಶಟ್‌ಡೌನ್. ಬೇಕಾದ ಲಾಗುಗಳು: 8214ರಿಂದ 8233. ಅವರು ಫೋಲ್ಡರಿನಲ್ಲಿ 8214 ಎಂಬ ಹೆಸರಿನ ಫೈಲನ್ನು ಹುಡುಕಿ, ಒಂದೂ ಕಾಣದೆ, ಎಲ್ಲವೂ ಹೋಯಿತೆಂದು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಲಾಗ್ ಫೈಲಿನ ಹೆಸರಿನಲ್ಲಿರುವುದು ಹದಿನಾರರ ಮೂಲದ ಸಂಖ್ಯೆ; ಅಲ್ಲಿ 9 ಆದ ಮೇಲೆ ಎಯಿಂದ ಎಫ್‌ವರೆಗಿನ ಆರು ಅಕ್ಷರಗಳೂ ಅಂಕಿಗಳಾಗಿ ಬರುತ್ತವೆ. 8214 ಅಲ್ಲಿ 2016 ಆಗುತ್ತದೆ, 8233 ಎಂಬುದು 2029 ಆಗುತ್ತದೆ. ಹಾಗೆ ಹುಡುಕಿದಾಗ 2019ರಿಂದ 2029ರವರೆಗಿನ 17 ಫೈಲುಗಳು ಇದ್ದವು. 2016, 2017, 2018 ಇರಲಿಲ್ಲ. ಅಳಿಸಿದ ರಾಶಿಯಲ್ಲಿ ಕೊನೆಯ ಆ ಮೂರು ಎಂಬಿ ಮಾತ್ರ ಉಳಿದಿದ್ದರೆ ಡೇಟಾಬೇಸ್ ಕೆಲವೇ ನಿಮಿಷಗಳಲ್ಲಿ ಮೇಲೇಳುತ್ತಿತ್ತು. ಅವು ಇಲ್ಲದ್ದರಿಂದ ಉಳಿದ 17 ಇದ್ದೂ ಇಲ್ಲದಂತಾದವು, ಏಕೆಂದರೆ ಕಿರ್ದಿಯನ್ನು ನಡುವೆ ಹಾಳೆ ಬಿಟ್ಟು ಖಾತೆಗೆ ಏರಿಸಲು ಬರುವುದಿಲ್ಲ. ಕೊನೆಗೆ ಕೊನೆಯ ಬ್ಯಾಕಪ್ಪನ್ನೇ ರಿಸ್ಟೋರ್ ಮಾಡಿ, ಅದರ ನಂತರದ ಪತ್ರಗಳನ್ನು ಬಳಕೆದಾರರ ಕಂಪ್ಯೂಟರಿನಲ್ಲಿದ್ದ ಔಟ್‌ಲುಕ್ ಪ್ರತಿಗಳಿಂದ ಒಬ್ಬೊಬ್ಬರದಾಗಿ ಹೆಕ್ಕಿ ತರಬೇಕಾಯಿತು.

ಇಲ್ಲಿ ಡರ್ಟಿ ಶಟ್‌ಡೌನ್ ಎಂಬ ಮಾತನ್ನು ಕಂಡು ಹೆದರಬೇಕಾಗಿಲ್ಲ. ಡೇಟಾಬೇಸ್ ಹಾಳಾಗಿದೆ ಎಂದು ಅದರ ಅರ್ಥವಲ್ಲ. ಕಿರ್ದಿಯಿಂದ ಖಾತೆಗೆ ಏರಿಸುವ ಕೆಲಸ ಬಾಕಿ ಇದೆ ಎಂದಷ್ಟೇ ಅರ್ಥ. ವಿದ್ಯುತ್ ಹೋಗಿ ಸರ್ವರ್ ಥಟ್ಟನೆ ಆರಿದರೂ ಇದೇ ಸ್ಥಿತಿ ಕಾಣುತ್ತದೆ. ಬೇಕಾದ ಲಾಗುಗಳೆಲ್ಲ ಸ್ಥಳದಲ್ಲಿದ್ದರೆ ಮೌಂಟ್ ಮಾಡುವಾಗ ಎಕ್ಸ್‌ಚೇಂಜ್ ತಾನೇ ಅವನ್ನು ಓದಿಕೊಂಡು ಬಾಕಿ ತೀರಿಸುತ್ತದೆ. ಇದಕ್ಕೆ ಸಾಫ್ಟ್ ರಿಕವರಿ ಎನ್ನುತ್ತಾರೆ. ನಿಜವಾದ ಹಾನಿ ಗೊತ್ತಾಗುವುದು ಬೇರೆ ಕಡೆ. ಡೇಟಾಬೇಸಿನ ಪ್ರತಿ ಪುಟಕ್ಕೂ ಅದರಲ್ಲಿರುವುದನ್ನು ಲೆಕ್ಕಹಾಕಿ ಪಡೆದ ಚೆಕ್‌ಸಮ್ ಎಂಬ ತಾಳೆಸಂಖ್ಯೆ ಇರುತ್ತದೆ. ಡಿಸ್ಕಿನಿಂದ ಓದಿದ ಪುಟ ಅದಕ್ಕೆ ತಾಳೆಯಾಗದಿದ್ದರೆ ಮೈನಸ್ 1018 ಎಂಬ ದೋಷ ವಿಂಡೋಸಿನ ಈವೆಂಟ್ ಲಾಗಿನಲ್ಲಿ (ಇದು ಕಿರ್ದಿಯಲ್ಲ, ಘಟನೆಗಳ ದಾಖಲೆ) ದಾಖಲಾಗುತ್ತದೆ. ಈ ಸಂಖ್ಯೆ ಕಂಡರೆ ಬೆರಳು ತೋರಿಸಬೇಕಾದದ್ದು ಬಹುಪಾಲು ಡಿಸ್ಕ್, ಕಂಟ್ರೋಲರ್ ಅಥವಾ ಅದರ ಡ್ರೈವರ್ ಕಡೆಗೆ. ಅದೇ ಡಿಸ್ಕಿನ ಮೇಲೆ ರಿಸ್ಟೋರ್ ಮಾಡುವುದೆಂದರೆ ಸೋರುವ ಕೊಡಕ್ಕೆ ಮತ್ತೆ ನೀರು ತುಂಬಿದಂತೆ.

ಹಾಗಾಗಿ ಮೊದಲ ಕೆಲಸ ಏನು ಕೆಟ್ಟಿದೆ ಎಂದು ತಿಳಿಯುವುದು. ಒಬ್ಬರ ಒಂದು ಪತ್ರ ಅಳಿಸಿಹೋಗಿದ್ದರೆ ಬ್ಯಾಕಪ್ ಮುಟ್ಟುವ ಅಗತ್ಯವೇ ಇಲ್ಲ. ಸೆಟ್ಟಿಂಗ್ ಬದಲಿಸಿರದಿದ್ದರೆ, ಅಳಿಸಿದ ಪತ್ರಗಳನ್ನು ಎಕ್ಸ್‌ಚೇಂಜ್ 14 ದಿನ, ಅಳಿಸಿದ ಮೇಲ್‌ಬಾಕ್ಸನ್ನು 30 ದಿನ ತನ್ನೊಳಗೇ ಇಟ್ಟುಕೊಂಡಿರುತ್ತದೆ. ಡೇಟಾಬೇಸ್ ಫೈಲು ಮಾತ್ರ ಕೆಟ್ಟು ಲಾಗುಗಳು ಸುರಕ್ಷಿತವಾಗಿದ್ದರೆ ಅದು ಅದೃಷ್ಟದ ಪ್ರಕರಣ. ಎರಡನ್ನೂ ಬೇರೆ ಬೇರೆ ಡಿಸ್ಕಿನಲ್ಲಿಡಿ ಎಂದು ಹಿರಿಯರು ಹೇಳುತ್ತಿದ್ದದ್ದು ಇದಕ್ಕೇ. ಎರಡೂ ಹೋಗಿದ್ದರೆ ಬ್ಯಾಕಪ್ ಆದ ಗಳಿಗೆಯವರೆಗೆ ಮಾತ್ರ ಹಿಂದಿರುಗಬಹುದು. ಇಡೀ ಸರ್ವರೇ ಹೋಗಿದ್ದರೆ ದಾರಿ ಬೇರೆ. ಅದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಕೆಲಸವನ್ನು ಅವಸರದಲ್ಲಿ ಎಲ್ಲರೂ ಬಿಟ್ಟುಬಿಡುತ್ತಾರೆ. ಕೆಟ್ಟ ಇಡಿಬಿ ಫೈಲು, ಎಲ್ಲ ಲಾಗುಗಳು, ಚೆಕ್‌ಪಾಯಿಂಟ್ ಫೈಲು ಇವಿಷ್ಟನ್ನೂ ಇದ್ದ ಸ್ಥಿತಿಯಲ್ಲೇ ಇನ್ನೊಂದು ಡಿಸ್ಕಿಗೆ ನಕಲು ಮಾಡಿಡಬೇಕು. ಮುಂದೆ ಮಾಡುವ ಪ್ರತಿಯೊಂದು ಪ್ರಯೋಗವೂ ಈ ಫೈಲುಗಳನ್ನು ಬದಲಿಸಬಲ್ಲದು. ಮೊದಲ ಪ್ರಯತ್ನ ತಪ್ಪಿದರೆ ಎರಡನೆಯದಕ್ಕೆ ಉಳಿಯುವುದು ಈ ನಕಲು ಮಾತ್ರ. ಕೆಟ್ಟ ಫೈಲನ್ನು ನಕಲು ಮಾಡುವುದರಲ್ಲಿ ಏನು ಅರ್ಥ ಎಂದು ಮೇಲಿನವರು ಕೇಳಬಹುದು, ಕೇಳಲಿ.

ಇನ್ನು ರಿಸ್ಟೋರ್. ಡೇಟಾಬೇಸ್ ಡಿಸ್‌ಮೌಂಟ್ ಆಗಿರಬೇಕು. ಜೊತೆಗೆ ಅದರ ಗುಣಲಕ್ಷಣಗಳಲ್ಲಿ, ರಿಸ್ಟೋರ್ ಇದರ ಮೇಲೆ ಬರೆಯಬಹುದು ಎಂಬ ಅನುಮತಿಯನ್ನು ಕೊಟ್ಟಿರಬೇಕು. ಈ ಗುರುತು ಹಾಕದೆ ಗಂಟೆಗಟ್ಟಲೆ ಕಾದು ಕೊನೆಯಲ್ಲಿ ದೋಷ ಕಂಡವರಿದ್ದಾರೆ. ಆಮೇಲೆ ಬ್ಯಾಕಪ್ ತಂತ್ರಾಂಶವು ಹಳೆಯ ಇಡಿಬಿ ಫೈಲನ್ನೂ ಅದರ ಜೊತೆಗೆ ಉಳಿಸಿದ್ದ ಲಾಗುಗಳನ್ನೂ ತಂದಿಡುತ್ತದೆ. ಇಲ್ಲಿಯೇ ನಿಜವಾದ ತಿರುವು ಇರುವುದು: ಬ್ಯಾಕಪ್‌ನೊಳಗಿನ ಲಾಗುಗಳು ಮುಗಿದ ಮೇಲೆ, ಅದರ ನಂತರ ಹುಟ್ಟಿ ಡಿಸ್ಕಿನಲ್ಲಿ ಉಳಿದ ಲಾಗುಗಳನ್ನೂ ಓದಿಸಿದರೆ ಡೇಟಾಬೇಸ್ ಮಧ್ಯಾಹ್ನ 3 ಗಂಟೆಯವರೆಗೂ ಬಂದು ನಿಲ್ಲುತ್ತದೆ, ಓದಿಸದಿದ್ದರೆ ರಾತ್ರಿ 11 ಗಂಟೆಗೇ ನಿಲ್ಲುತ್ತದೆ. ವಿಂಡೋಸ್ ಸರ್ವರ್ ಬ್ಯಾಕಪ್‌ನಲ್ಲಿ ಹೀಗೆ ಮುಂದಕ್ಕೆ ಓದಿಸುವುದು ಬೇಡ ಎಂದು ಹೇಳುವ ಒಂದು ಚೌಕವಿದೆ. ವೈರಸ್ಸಿನಿಂದಲೋ ತಪ್ಪು ಆದೇಶದಿಂದಲೋ ಪತ್ರಗಳು ನಾಶವಾಗಿ, ಅದಕ್ಕೆ ಮುಂಚಿನ ಸ್ಥಿತಿಯೇ ಬೇಕಾಗಿದ್ದರೆ ಮಾತ್ರ ಅಲ್ಲಿ ಗುರುತು ಹಾಕಬೇಕು. ಉಳಿದ ಸಂದರ್ಭಗಳಲ್ಲಿ ಅದನ್ನು ಖಾಲಿ ಬಿಡುವುದೇ ಸರಿ.

ಓದಿಸುವ ಮುನ್ನ ಲಾಗುಗಳ ಸರಪಳಿ ಅಖಂಡವಾಗಿದೆಯೇ ಎಂದು ಇಎಸ್‌ಇಯುಟಿಲ್‌ನ ಎಂಎಲ್ ಆಯ್ಕೆಯಿಂದ ಪರೀಕ್ಷಿಸಿಕೊಳ್ಳಬಹುದು. ಯಾವ ಸಂಖ್ಯೆ ಇಲ್ಲ, ಯಾವುದು ಹಾಳಾಗಿದೆ ಎಂದು ಅದು ಹೇಳುತ್ತದೆ. ಸರ್ಕ್ಯುಲರ್ ಲಾಗಿಂಗ್ ಎಂಬ ಸೌಲಭ್ಯವನ್ನು ಚಾಲೂ ಮಾಡಿಟ್ಟಿದ್ದರೆ ಈ ಪರೀಕ್ಷೆಯ ಪ್ರಮೇಯವೇ ಬರುವುದಿಲ್ಲ. ಆ ವ್ಯವಸ್ಥೆಯಲ್ಲಿ ಖಾತೆಗೆ ಏರಿದ ಕಿರ್ದಿಯ ಹಾಳೆಗಳನ್ನು ಆಗಿಂದಾಗಲೇ ಹರಿದು ಎಸೆಯುವುದರಿಂದ ಬ್ಯಾಕಪ್ಪಿಗೂ ಇಂದಿಗೂ ನಡುವೆ ಸೇತುವೆಯೇ ಇರುವುದಿಲ್ಲ. ಜಾಗ ಉಳಿಯುತ್ತದೆ ನಿಜ. ಒಂಟಿ ಸರ್ವರಿನಲ್ಲಿ ಆ ಉಳಿತಾಯ ನನಗಂತೂ ಎಂದೂ ಲಾಭದಾಯಕವಾಗಿ ಕಂಡಿಲ್ಲ.

ಇದೇ ಉಪಕರಣಕ್ಕೆ ಪಿ ಎಂಬ ಇನ್ನೊಂದು ಆಯ್ಕೆಯೂ ಇದೆ. ಅಂತರಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಸಲಹೆ ಬಹಳ ಸಲ ಅದೇ ಆಗಿರುತ್ತದೆ. ಅದು ದುರಸ್ತಿ ಎಂದು ಹೆಸರಾದರೂ ಮಾಡುವುದು ಶಸ್ತ್ರಚಿಕಿತ್ಸೆಗಿಂತ ಅಂಗಚ್ಛೇದಕ್ಕೆ ಹತ್ತಿರ: ಓದಲಾಗದ ಪುಟಗಳನ್ನು ಕಿತ್ತೆಸೆದು, ಉಳಿದವನ್ನು ಹೇಗೋ ಹೊಂದಿಸಿ, ಡೇಟಾಬೇಸನ್ನು ಮೌಂಟ್ ಆಗುವ ಸ್ಥಿತಿಗೆ ತರುತ್ತದೆ. ಕಿತ್ತ ಪುಟದಲ್ಲಿ ಒಬ್ಬರ ಒಂದು ಪತ್ರವಿತ್ತೋ, ಇಡೀ ಮೇಲ್‌ಬಾಕ್ಸ್‌ಗಳ ಪಟ್ಟಿಯೇ ಇತ್ತೋ ಎಂಬುದರ ಮೇಲೆ ಪರಿಣಾಮ ನಿಂತಿದೆ. ಒಮ್ಮೆ ಇದನ್ನು ಮಾಡಿದರೆ ಹಳೆಯ ಲಾಗುಗಳು ಆ ಡೇಟಾಬೇಸಿಗೆ ಮತ್ತೆ ಹೊಂದುವುದಿಲ್ಲ. ಹೀಗೆ ದುರಸ್ತಿಯಾದ ಡೇಟಾಬೇಸನ್ನು ಹಾಗೆಯೇ ಬಳಸುತ್ತ ಹೋಗಬಾರದು, ಅದರಲ್ಲಿನ ಮೇಲ್‌ಬಾಕ್ಸುಗಳನ್ನೆಲ್ಲ ಹೊಸ ಡೇಟಾಬೇಸಿಗೆ ಸಾಗಿಸಬೇಕು ಎಂಬುದು ಮೈಕ್ರೋಸಾಫ್ಟಿನದೇ ನಿಲುವು. ಒಳ್ಳೆಯ ಬ್ಯಾಕಪ್ ಕೈಯಲ್ಲಿರುವಾಗ ಈ ಆಯ್ಕೆಯತ್ತ ತಿರುಗಿಯೂ ನೋಡಬಾರದು. ಬ್ಯಾಕಪ್ ಇಲ್ಲದಿದ್ದಾಗ, ನಕಲಿನ ಮೇಲೆ, ಕೊನೆಯ ಉಪಾಯವಾಗಿ ಬಳಸಬಹುದು.

ಇಷ್ಟು ಹೊತ್ತು ಕಾಲದ ಮಾತು ಆಡಲಿಲ್ಲ. 1 ಟೆರಾಬೈಟ್ ಡೇಟಾಬೇಸನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ನಕಲು ಮಾಡಿದರೆ 10,000 ಸೆಕೆಂಡು ಬೇಕು. ಅಂದರೆ ಸುಮಾರು ಎರಡು ಮುಕ್ಕಾಲು ಗಂಟೆ. 1 ಗಿಗಾಬಿಟ್ ಜಾಲದ ಸೈದ್ಧಾಂತಿಕ ಮಿತಿಯೇ ಸೆಕೆಂಡಿಗೆ 125 ಎಂಬಿ ಆದ್ದರಿಂದ ಇದಕ್ಕಿಂತ ಹೆಚ್ಚಿನ ವೇಗವನ್ನು ಅದರ ಮೇಲೆ ನಿರೀಕ್ಷಿಸುವಂತಿಲ್ಲ. ಇದರ ಮೇಲೆ ಮೊದಲೇ ಮಾಡಿಕೊಳ್ಳಬೇಕಾದ ನಕಲು, ಆಮೇಲೆ ಸಾವಿರಾರು ಲಾಗುಗಳ ಓದು. ಬೆಳಗ್ಗೆ ಶುರುಮಾಡಿದ್ದು ಸಂಜೆಗೆ ಮುಗಿದರೆ ಪುಣ್ಯ. ಅಲ್ಲಿಯವರೆಗೆ ಇಡೀ ಸಂಸ್ಥೆ ಪತ್ರವಿಲ್ಲದೆ ಕೂರಬೇಕೇ?

ಬೇಕಿಲ್ಲ. ಇದಕ್ಕಾಗಿಯೇ ಡಯಲ್ ಟೋನ್ ರಿಕವರಿ ಎಂಬ ಕ್ರಮವಿದೆ. ದೂರವಾಣಿ ಎತ್ತಿದಾಗ ಗುಂಯ್ ಎಂಬ ನಾದ ಕೇಳಿದರೆ ಸಾಕು, ಕರೆ ಮಾಡಬಹುದು ಎಂದು ಗೊತ್ತಾಗುತ್ತದಲ್ಲ, ಆ ಅರ್ಥದ ಹೆಸರು. ಮೊದಲು ಖಾಲಿ ಡೇಟಾಬೇಸೊಂದನ್ನು ತೆರೆದು ಬಳಕೆದಾರರ ಮೇಲ್‌ಬಾಕ್ಸುಗಳನ್ನು ಅದರ ಕಡೆಗೆ ತಿರುಗಿಸುತ್ತಾರೆ. ಹಳೆಯ ಪತ್ರಗಳು ಕಾಣುವುದಿಲ್ಲ, ಆದರೆ ಹೊಸವು ಬರುತ್ತವೆ, ಹೋಗುತ್ತವೆ. ಆ ಒತ್ತಡ ಕಳೆದ ಮೇಲೆ, 2010ರ ಆವೃತ್ತಿಯಿಂದ ಬಂದ ರಿಕವರಿ ಡೇಟಾಬೇಸ್ ಎಂಬ ಪ್ರತ್ಯೇಕ ಜಾಗಕ್ಕೆ ಬ್ಯಾಕಪ್ಪನ್ನು ರಿಸ್ಟೋರ್ ಮಾಡಿ, ಉಳಿದ ಲಾಗುಗಳನ್ನು ನಿಧಾನವಾಗಿ ಓದಿಸುತ್ತಾರೆ. ಬಳಕೆದಾರರು ಈ ಡೇಟಾಬೇಸಿಗೆ ನೇರವಾಗಿ ಹೋಗಲಾರರು. ಅದು ನಿರ್ವಾಹಕರ ಕೆಲಸದ ಮೇಜು.

ಆಮೇಲಿನ ಹೆಜ್ಜೆ ಜಾಣತನದ್ದು. ಹಳೆಯ 1 ಟೆರಾಬೈಟನ್ನು ಹೊಸದರೊಳಕ್ಕೆ ಸುರಿಯುವುದಿಲ್ಲ. ಎರಡನ್ನೂ ಡಿಸ್‌ಮೌಂಟ್ ಮಾಡಿ, ಫೈಲುಗಳನ್ನು ಅದಲುಬದಲು ಮಾಡಿ, ರಿಸ್ಟೋರ್ ಆದ ದೊಡ್ಡದನ್ನು ಮುಖ್ಯ ಸ್ಥಾನಕ್ಕೆ ತರುತ್ತಾರೆ. ದಿನವೊಂದರಲ್ಲಿ ಸೇರಿದ್ದ ಚಿಕ್ಕದನ್ನು ರಿಕವರಿ ಡೇಟಾಬೇಸಾಗಿ ಮಾಡಿ ಅದರಲ್ಲಿನ ಹೊಸ ಪತ್ರಗಳನ್ನು ದೊಡ್ಡದಕ್ಕೆ ಸೇರಿಸುತ್ತಾರೆ. ಹೀಗೆ ಮಾಡಿದಾಗ ಸಾಗಿಸಬೇಕಾದ ಹೊರೆ ಕಡಿಮೆ. ಜನ ವರ್ಷಗಳಿಂದ ಹಾಕಿಟ್ಟ ನಿಯಮಗಳು, ಅನುಮತಿಗಳೂ ದೊಡ್ಡದರ ಜೊತೆಗೇ ಮರಳುತ್ತವೆ. ಈ ಅವಧಿಯಲ್ಲಿ ಬಳಕೆದಾರರಿಗೆ ಒಂದು ಮಾತನ್ನು ಮೊದಲೇ ತಿಳಿಸಬೇಕು. ಔಟ್‌ಲುಕ್ ತೆರೆದಾಗ ತಾತ್ಕಾಲಿಕ ಮೇಲ್‌ಬಾಕ್ಸ್ ಬಳಸುವಿರೋ, ಹಳೆಯ ದತ್ತಾಂಶ ನೋಡುವಿರೋ ಎಂದು ಕೇಳಬಹುದು. ಗಾಬರಿಯಾಗಿ ಪ್ರೊಫೈಲ್ ಅಳಿಸಿ ಹೊಸದಾಗಿ ಮಾಡಿಕೊಂಡರೆ ಅವರ ಕಂಪ್ಯೂಟರಿನಲ್ಲಿದ್ದ ಹಳೆಯ ಪ್ರತಿಯೂ ಹೋಗುತ್ತದೆ. ಮೇಲೆ ಹೇಳಿದ ಮೂರು ಎಂಬಿಯ ಪ್ರಕರಣದಲ್ಲಿ ನಮ್ಮನ್ನು ಕಾದದ್ದು ಅದೇ ಪ್ರತಿ.

ಸರ್ವರ್ ನಿಂತಿದ್ದ ಹೊತ್ತಿನಲ್ಲಿ ಹೊರಗಿನವರು ಕಳಿಸಿದ ಪತ್ರಗಳ ಗತಿಯೇನು ಎಂಬ ಆತಂಕವನ್ನು ಹೆಚ್ಚು ಬೆಳೆಸಬೇಕಾಗಿಲ್ಲ. ಕಳಿಸುವ ಸರ್ವರುಗಳು ಒಮ್ಮೆ ತಲುಪದಿದ್ದರೆ ಕೈಚೆಲ್ಲುವುದಿಲ್ಲ; ಪತ್ರವನ್ನು ಸರದಿಯಲ್ಲಿಟ್ಟು ಮತ್ತೆ ಮತ್ತೆ ಯತ್ನಿಸುತ್ತವೆ. ಸಾಮಾನ್ಯವಾಗಿ ಕನಿಷ್ಠ 4-5 ದಿನ ಹೀಗೆ ಯತ್ನಿಸಬೇಕು ಎಂದು ಇಮೇಲ್ ಸಾಗಣೆಯ ಮಾನದಂಡವಾದ ಆರ್‌ಎಫ್‌ಸಿ 5321 ಹೇಳುತ್ತದೆ. ಇದರ ಜೊತೆಗೆ 2013ರ ಆವೃತ್ತಿಯಿಂದ ಎಕ್ಸ್‌ಚೇಂಜಿನ ಸಾಗಣೆ ವಿಭಾಗವು ತಲುಪಿಸಿಯಾದ ಪತ್ರಗಳ ಪ್ರತಿಯನ್ನೂ ಸೇಫ್ಟಿ ನೆಟ್ ಎಂಬ ಹೆಸರಿನಲ್ಲಿ 2 ದಿನ ಇಟ್ಟುಕೊಂಡಿರುತ್ತದೆ.

ಇಡೀ ಸರ್ವರ್ ಸುಟ್ಟುಹೋದ ಪ್ರಕರಣ ಕೇಳಲು ಭಯಂಕರ, ಮಾಡಲು ಅಷ್ಟಲ್ಲ. ಎಕ್ಸ್‌ಚೇಂಜಿನ ಬಹುತೇಕ ಸಂರಚನೆ ಇರುವುದು ಆ ಸರ್ವರಿನಲ್ಲಲ್ಲ, ಸಂಸ್ಥೆಯ ಬಳಕೆದಾರರು ಮತ್ತು ಕಂಪ್ಯೂಟರುಗಳ ವಿವರಗಳನ್ನೆಲ್ಲ ಇಟ್ಟುಕೊಳ್ಳುವ ಆಕ್ಟಿವ್ ಡೈರೆಕ್ಟರಿಯಲ್ಲಿ. ಹೊಸ ಯಂತ್ರಕ್ಕೆ ಅದೇ ಆಪರೇಟಿಂಗ್ ಸಿಸ್ಟಮ್ ಹಾಕಿ, ಅದೇ ಹೆಸರಿಟ್ಟು, ಡೈರೆಕ್ಟರಿಯಲ್ಲಿನ ಹಳೆಯ ಕಂಪ್ಯೂಟರ್ ಖಾತೆಯನ್ನು ಅಳಿಸದೆ ರೀಸೆಟ್ ಮಾಡಿ ಡೊಮೇನಿಗೆ ಸೇರಿಸಿ, ಸೆಟಪ್ಪನ್ನು ರಿಕವರ್ ಸರ್ವರ್ ಎಂಬ ವಿಧಾನದಲ್ಲಿ ಓಡಿಸಿದರೆ ಅದು ಹಳೆಯ ಸಂರಚನೆಯನ್ನು ಅಲ್ಲಿಂದ ಓದಿಕೊಳ್ಳುತ್ತದೆ. ಡ್ರೈವ್ ಅಕ್ಷರಗಳೂ ಮೊದಲಿನಂತೆಯೇ ಇರಬೇಕು. ಅಳಿಸದೆ ಎಂಬ ಪದವನ್ನು ಎರಡು ಸಲ ಓದಿಕೊಳ್ಳಿ. ಆ ಖಾತೆಯನ್ನು ಅಳಿಸುವುದು ಇಲ್ಲಿ ಆಗುವ ಅತಿ ದುಬಾರಿ ತಪ್ಪು. ಡೈರೆಕ್ಟರಿಯಲ್ಲಿ ಇಲ್ಲದವೂ ಕೆಲವಿವೆ: ಖಾಸಗಿ ಕೀ ಸಹಿತವಾದ ಪ್ರಮಾಣಪತ್ರ, ವೆಬ್ ಸಂರಚನೆಯ ಫೈಲುಗಳಲ್ಲಿ ಕೈಯಾರೆ ಮಾಡಿದ ತಿದ್ದುಪಡಿಗಳು. ಇವನ್ನು ಬೇರೆಯಾಗಿ ಉಳಿಸಿಟ್ಟಿರಬೇಕು.

ಡವ್‌ಕಾಟ್‌ನಂಥ ಸರ್ವರಿನಲ್ಲಿ ಮೇಲ್‌ಡಿರ್ ಮಾದರಿ ಬಳಸುವವರಿಗೆ ಈ ಕಿರ್ದಿ ಖಾತೆಯ ಕಾಟವಿಲ್ಲ. ಅಲ್ಲಿ ಪತ್ರಕ್ಕೊಂದು ಫೈಲು. ತಂದಿಟ್ಟರೆ ಮುಗಿಯಿತು, ಸೂಚಿಗಳನ್ನು ಮತ್ತೆ ಕಟ್ಟಿಕೊಳ್ಳಬಹುದು. ಆದರೆ ಪತ್ರಗಳ ಗುರುತುಸಂಖ್ಯೆ ಇರುವ ಯುಐಡಿ ಪಟ್ಟಿಯ ಫೈಲನ್ನು ಬಿಟ್ಟು ರಿಸ್ಟೋರ್ ಮಾಡಿದರೆ ಎಲ್ಲ ಬಳಕೆದಾರರ ತಂತ್ರಾಂಶಗಳೂ ಇಡೀ ಮೇಲ್‌ಬಾಕ್ಸನ್ನು ಹೊಸದೆಂದು ತಿಳಿದು ಮತ್ತೆ ಇಳಿಸಿಕೊಳ್ಳಲು ತೊಡಗುತ್ತವೆ.

ನಮ್ಮಲ್ಲಿ ಡೇಟಾಬೇಸಿನ ಮೂರು ಪ್ರತಿಗಳು ಮೂರು ಸರ್ವರಿನಲ್ಲಿವೆ, ಬ್ಯಾಕಪ್ ಏಕೆ ಎನ್ನುವವರಿದ್ದಾರೆ. 2011ರ ಫೆಬ್ರವರಿ ಕೊನೆಯಲ್ಲಿ ಜಿಮೇಲ್‌ನ ಒಂದು ಸಣ್ಣ ಭಾಗದ ಬಳಕೆದಾರರು, ಗೂಗಲ್ ಹೇಳಿದಂತೆ ಶೇಕಡಾ 0.02ರಷ್ಟು ಮಂದಿ, ತಮ್ಮ ಮೇಲ್‌ಬಾಕ್ಸ್ ಖಾಲಿಯಾಗಿರುವುದನ್ನು ಕಂಡರು. ಸಂಗ್ರಹಣಾ ತಂತ್ರಾಂಶದ ಹೊಸ ಆವೃತ್ತಿಯೊಂದರ ದೋಷ ಅದಕ್ಕೆ ಕಾರಣ. ಹಲವು ಡೇಟಾ ಸೆಂಟರುಗಳಲ್ಲಿ ಪ್ರತಿಗಳಿದ್ದರೂ ದೋಷ ಆ ಪ್ರತಿಗಳನ್ನೂ ತಟ್ಟಿತ್ತು. ಪತ್ರಗಳು ಮರಳಿ ಬಂದದ್ದು ಜಾಲದಿಂದ ಹೊರಗಿದ್ದ ಟೇಪುಗಳಿಂದ. ಎಕ್ಸ್‌ಚೇಂಜಿನಲ್ಲೂ ಪ್ರತಿಗಳ ಗುಂಪು ಕಟ್ಟಿದಾಗ ಒಂದನ್ನು ಬೇಕೆಂದೇ ಹಿಂದೆ ಉಳಿಸಬಹುದು. ಅದು ಲಾಗುಗಳನ್ನು ಪಡೆದುಕೊಂಡರೂ 14 ದಿನದವರೆಗೆ ಖಾತೆಗೆ ಏರಿಸದೆ ಕಾಯುತ್ತದೆ. ಒಳ್ಳೆಯದೇ, ಆದರೆ ಅದೂ ಅದೇ ಜಾಲದೊಳಗಿನದು.

ಡೇಟಾಬೇಸ್ ಮೇಲೆದ್ದು ಮೌಂಟ್ ಆದ ಮೇಲೆ ಕೆಲವು ಮೇಲ್‌ಬಾಕ್ಸುಗಳನ್ನು ತೆರೆದು, ಕೊನೆಯ ಪತ್ರದ ವೇಳೆಯನ್ನು ನೋಡಿ, ಒಳಗಿನಿಂದ ಹೊರಗೂ ಹೊರಗಿನಿಂದ ಒಳಗೂ ಒಂದೊಂದು ಪತ್ರ ಕಳಿಸಿ ನೋಡಬೇಕು. ಹುಡುಕಾಟದ ಸೂಚಿ ಮತ್ತೆ ಕಟ್ಟಿಕೊಳ್ಳುತ್ತಿರುವುದರಿಂದ ಮೊದಲ ಕೆಲವು ಗಂಟೆ ಹಳೆಯ ಪತ್ರಗಳು ಹುಡುಕಿದರೆ ಸಿಗದಿರಬಹುದು. ಅವು ಕಳೆದುಹೋಗಿಲ್ಲ ಎಂದು ಮೊದಲೇ ಹೇಳಿಡುವುದು ಲೇಸು. ಅಂದೇ ಒಂದು ಪೂರ್ಣ ಬ್ಯಾಕಪ್ ಆಗಬೇಕು. ಆ ಬ್ಯಾಕಪ್ಪನ್ನು ತಿಂಗಳಿಗೊಮ್ಮೆಯಾದರೂ ರಿಕವರಿ ಡೇಟಾಬೇಸಿಗೆ ರಿಸ್ಟೋರ್ ಮಾಡಿ, ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟರೆ, ಮುಂದಿನ ಸಲ "ಯಾವಾಗ ಸರಿಹೋಗುತ್ತದೆ?" ಎಂಬ ಪ್ರಶ್ನೆಗೆ ಊಹೆಯ ಬದಲು ಅಂಕಿಯನ್ನೇ ಹೇಳಬಹುದು.

ಬ್ಯಾಕಪ್ ವಿಫಲವಾದರೆ ಎಚ್ಚರಿಕೆ ಬರುವ ವ್ಯವಸ್ಥೆಯನ್ನು ಎಲ್ಲರೂ ಮಾಡಿರುತ್ತಾರೆ. ಅದು ಎಲ್ಲಿಗೆ ಬರುತ್ತದೆ ಎಂಬುದನ್ನು ಮಾತ್ರ ನೋಡಿರುವುದಿಲ್ಲ. 2017ರ ಜನವರಿ 31ರಂದು ತಂತ್ರಾಂಶಗಳ ಕೋಡ್ ಇಟ್ಟುಕೊಳ್ಳುವ ಸೇವೆಯಾದ ಗಿಟ್‌ಲ್ಯಾಬ್ ತನ್ನ ಮುಖ್ಯ ಡೇಟಾಬೇಸನ್ನು ತಪ್ಪಾಗಿ ಅಳಿಸಿಕೊಂಡು, ನಿತ್ಯದ ಬ್ಯಾಕಪ್ ಹುಡುಕಿದಾಗ ಅದು ಆಗಿಯೇ ಇರಲಿಲ್ಲ: ಬ್ಯಾಕಪ್ ಉಪಕರಣದ ಆವೃತ್ತಿ 9.2, ಡೇಟಾಬೇಸಿನದು 9.6, ಒಂದಕ್ಕೊಂದು ಹೊಂದಲಿಲ್ಲ. ವಿಫಲವಾಗಿದೆ ಎಂಬ ಸೂಚನೆ ಇಮೇಲ್ ಮೂಲಕ ಹೊರಟಿತ್ತು, ಆದರೆ ಕಳಿಸಿದವರು ಅಸಲಿಯೇ ಎಂದು ನೋಡುವ ಡಿಮಾರ್ಕ್ ಪರಿಶೀಲನೆಗೆ ಬೇಕಾದ ಸಹಿ ಅದರಲ್ಲಿ ಇಲ್ಲದ್ದರಿಂದ ಸ್ವೀಕರಿಸುವ ಕಡೆ ಅದು ತಿರಸ್ಕೃತವಾಗಿತ್ತು. ಇಮೇಲ್ ಸರ್ವರಿನ ಬ್ಯಾಕಪ್ ನೋಡಿಕೊಳ್ಳುವವರು ಆ ಎಚ್ಚರಿಕೆಯನ್ನು ಎಸ್‌ಎಂಎಸ್‌ಗೋ ಬೇರೊಂದು ಸೇವೆಯ ವಿಳಾಸಕ್ಕೋ ತಿರುಗಿಸಬೇಕು. ಅದೇ ಸರ್ವರಿನಲ್ಲಿರುವ ತಮ್ಮ ಮೇಲ್‌ಬಾಕ್ಸಿಗೆ ಬರುವಂತೆ ಇಟ್ಟುಕೊಂಡರೆ, ಸರ್ವರ್ ಬಿದ್ದ ದಿನ ಆ ಸೂಚನೆಯೂ ರಿಸ್ಟೋರ್ ಆಗಬೇಕಾದ ಪತ್ರಗಳ ರಾಶಿಯಲ್ಲೇ ಇರುತ್ತದೆ.